ವಾಲಿ ಬಿದ್ದ ಬಾತ್ಕೋಳಿ ಮರಿಯೂ ನಾವ್ ಚೆಲ್ಲಿದ ತೌಡೂ

ನಾನ್ ಇಲ್ಲಿ ಬರೀದೆ ಸುಮಾರ್ ದಿನ ಆಯ್ತ್. ಕಾರಣ ಎಂತ ಅಂದ್ರೆ ಒಂದ್ ಬಾತ್ಕೋಳಿ ಮರಿ. ನೆಗ್ಯಾಡ್ಬೇಡಿ ಮತ್ತೆ. ಆ ಮರಿ ದೆಸಿಂದ ಇಪ್ಪತ್ತ್ ದಿನ ನಂಗೆ ಸಮ ನಿದ್ರಿ ಇಲ್ಲೆ. ಅದೇ ಮರಿ ದೆಸಿಂದ ನೂರಾ ಮೂವತ್ತ್ ವರ್ಷ ಹಿಂದಿನ ಒಂದ್ ಕಥಿಯೂ ಗೊತ್ತಾಯ್ತ್. ಅದನ್ನ ನಿಮ್ಗೆ ಹೇಳ್ದೆ ಇಪ್ಪುಕೆ ಆತಿಲ್ಲೆ.

ಮೇ ತಿಂಗ್ಳ್ ರಜಿಗೆ ಮಗ್ಳು ಮಕ್ಳನ್ನ ಕರ್ಕಂಡ್ ಬಂದಿದ್ಲ್. ದೊಡ್ಡಕ್ಕನ ಮನಿಯಲ್ಲಿ ಬಾತ್ಕೋಳಿ ಮೊಟ್ಟೆ ಒಡ್ದ್ ಮರಿ ಆಗಿತ್ತ್. ಸಣ್ಣ ಮೊಮ್ಮಗ್ಳ್ ಹಟ ಮಾಡಿ ಆರ್ ಮರಿ ಪೆಟ್ಟಿಗೆಯಲ್ಲಿ ಹಾಯ್ಕಂಡ್ ಬಂದ್ಲ್. ಹಳ್ದಿ ಹತ್ತಿ ಉಂಡಿ ಹಾಂಗೆ ಇದ್ದಿದ್ದೊ, ಕಾಂಬುಕೆ ಚಂದ. ಹೊರ್ಗೆ ಬಿಡುಕೆ ಕಾಕಿ, ಮುಂಗ್ಲಿ ಹೆದ್ರಿಕೆ. ಗದ್ದೆಯಲ್ಲಿ ಆಗ ನೀರೂ ಇಲ್ಲೆ. ಹಾಂಗಾಯಿ ಹಿಂದಿನ ಜಗ್ಲಿಯಲ್ಲಿ ಹಲಗೆ ಅಡ್ಡ ಇಟ್ಟ್ ಸಾಕಿದ್ದ್. ತಿಂಬುಕೆ ಎಂತ? ಮನಿಯಲ್ಲಿ ಉಳ್ದ ಅನ್ನ. ಬೆಂಗ್ಳೂರಿನ ಮಕ್ಳಿಗೆ ಕೊಚ್ಚಕ್ಕಿ ಅನ್ನ ಸೇರುದಿಲ್ಲ. ಅದ್ಕೆ ದಿನಾ ಬೆಳ್ತಿಗೆ ಅಕ್ಕಿ ಬೇಯಿಸುದ್, ಮೂರ್ ಮೂರ್ ಸಲ ತೊಳುದ್, ತೆಳಿ ಬಸ್ದ್ ಚೆಲ್ಲುದ್, ಉಳ್ದ ಬೆಳೀ ಅನ್ನ ಮರಿಗೆ ಹಾಕುದ್. ಎಷ್ಟ್ ಚಂದ ತಿಂತಿದ್ದೊ ಗೊತ್ತಾ! ನಂಗೂ ಖುಷಿ, ಅನ್ನ ಹಾಳಾಪುದಿಲ್ಲ ಅಂದೇಳಿ.

ಹದ್ನೈದ್ ಇಪ್ಪತ್ತ್ ದಿನ ಎಂತ ತೊಂದ್ರಿ ಇಲ್ಲೆ. ಮತ್ತೊಂದ್ ದಿನ ಬೆಳಿಗ್ಗೆ ಕಾಂತೆ, ಒಂದ್ ಮರಿ ಕುಡ್ದವ್ರ್ ಹಾಂಗೆ ವಾಲ್ಕಂಡ್ ವಾಲ್ಕಂಡ್ ನಡಿತಾ ಇತ್ತ್. ನಾಲ್ಕ್ ಹೆಜ್ಜಿ ಇಡುದ್, ಒಂದ್ ಬದಿಗೆ ಬೀಳುದ್. ಬಿದ್ದದ್ದ್ ಏಳುಕಾಗದೆ ಕಾಲ್ ಎರಡೂ ಗಾಳಿಯಲ್ಲಿ ತುಳಿತಿತ್ತ್. ಸಂಜಿ ಹೊತ್ತಿಗೆ ಕುತ್ಗಿ ಬೆನ್ನಿಗೆ ಮಡ್ಚಿ ಆಕಾಶ ಕಾಂಬು ಹಾಂಗೆ ಆಯ್ತ್. ಮರುದಿನ ಇನ್ನೊಂದ್ ಮರಿ ಮೊಣಕಾಲ್ ಊರಿ ಕೂತದ್ದ್ ಎದ್ದದ್ದೇ ಇಲ್ಲೆ.

ಅತ್ತೆ ಕಂಡ್ರ್, "ಕಣ್ಣ್ ತಾಗಿತ್ತ್ ಕಾಣ್" ಅಂದ್ರ್. ಉಪ್ಪ್ ಮೆಣ್ಸ್ ಸುಳ್ದ್ ಒಲಿಗೆ ಹಾಕ್ರ್. ಆಚಿಮನಿ ಚಿಕ್ಕಮ್ಮ, "ಶೀತ ಆಯ್ತ್, ಬೆಚ್ಚ ಮಾಡ್ಕ್" ಅಂದ್ರ್. ನಂಗೆ ಎಂತದೋ ಹುಳಿನ ರೋಗ ಅಂದೇಳಿ ಹೆದ್ರಿಕೆ. ಜಗ್ಲಿಗೆಲ್ಲ ಫಿನಾಯಿಲ್ ಹಾಯ್ಕಿ ತೊಳ್ದೆ. ತೊಳ್ದ್ ಆಯಿ ಉಳ್ದ ಮರಿಗೆ ಮತ್ತೆ ಅದೇ ಬೆಳೀ ಅನ್ನ ಹಾಕ್ದೆ. ಮೂರ್ನೇ ದಿನ ಸುರುವಿಗೆ ಬಿದ್ದ ಮರಿ ಸತ್ತೋಯ್ತ್. ಮೊಮ್ಮಗ್ಳ್ ಆ ದಿನ ಉಣ್ಲಿಲ್ಲ.

ಎರಡನೇ ಮರಿಯನ್ನ ಬುಟ್ಟಿಯಲ್ಲಿ ಹಾಯ್ಕಂಡ್ ದನಿನ ಡಾಕ್ಟ್ರ ಹತ್ರ ಹೋದೆ. ಅವ್ರ್ ಮರಿ ಎತ್ತಿ, ಕಾಲ್ ಎಳ್ದ್ ಕಂಡ್ರ್, ಕಿವಿ ಹತ್ರ ಕಂಡ್ರ್, ಏಟು ಗೀಟು ಆಯ್ತಾ ಅಂದೇಳಿ ಕೈಯಾಡ್ಸಿ ಕಂಡ್ರ್. ಮತ್ತೆ ಒಂದೇ ಪ್ರಶ್ನೆ ಕೇಂಡ್ರ್: "ಇದ್ಕೆ ತಿಂಬುಕೆ ಎಂತ ಹಾಕ್ತ್ರಿ?"

ಹೇಳ್ದೆ. ಅವ್ರ್ ನೆಗ್ಯಾಡ್ಲಿಲ್ಲ, ಬೈಲೂ ಇಲ್ಲ. "ಬೆಳೀ ಅನ್ನ ತಿಂದ್ ಬಿದ್ದದ್ದ್ ನಿಮ್ಮ ಮರಿ ಒಂದೇ ಅಲ್ಲ ಅಮ್ಮ. ಜಾವಾದಲ್ಲಿ ಕೋಳಿ ಹೀಂಗೇ ಬಿದ್ದದ್ದಕ್ಕೇ ವಿಟಮಿನ್ ಅಂಬುದ್ ಲೋಕಕ್ಕೆ ಗೊತ್ತಾದ್ದ್" ಅಂದ್ರ್. ಮನಿಗೆ ಬಂದ್ ಮಗ್ಳ ಹತ್ರ ಹುಡ್ಕಿ ಓದ್ಸಿದೆ. ಆ ಕಥಿ ಈಗ ನಿಮ್ಗೆ.

ಆಗ ಜಾವಾ ದ್ವೀಪ ಡಚ್ಚರ ಕೈಯಲ್ಲಿತ್ತು. ಈಗಿನ ಜಕಾರ್ತಕ್ಕೆ ಬಟಾವಿಯಾ ಅಂತ ಹೆಸರು. ಅಲ್ಲಿ ಸೈನಿಕರಿಗೆ, ಜೈಲಿನವರಿಗೆ ಬೆರಿಬೆರಿ ಅಂಬ ಕಾಯಿಲೆ. ಸುರುವಿಗೆ ಕಾಲು ಜೋಮು ಹಿಡೀತದೆ, ನಡಿಗೆ ತಪ್ಪುತ್ತದೆ, ಕೆಲವರಿಗೆ ಮೈಯೆಲ್ಲ ಬಾತುಕೊಳ್ತದೆ, ಕಡೆಗೆ ಹೃದಯ ನಿಲ್ಲುತ್ತದೆ. ಅದು ರೋಗಾಣುಗಳನ್ನು ಒಂದೊಂದಾಗಿ ಕಂಡುಹಿಡಿಯುತ್ತಿದ್ದ ಕಾಲ. ಕ್ಷಯಕ್ಕೊಂದು ಹುಳ, ಕಾಲರಾಕ್ಕೊಂದು ಹುಳ ಸಿಕ್ಕಿತ್ತು. ಬೆರಿಬೆರಿಗೂ ಒಂದು ಹುಳ ಇಪ್ಪುಕೇ ಬೇಕು ಅಂತ ಹುಡುಕುಕೆ 1886ರಲ್ಲಿ ಹಾಲೆಂಡಿನಿಂದ ಡಾಕ್ಟ್ರುಗಳ ಒಂದು ತಂಡ ಬಂತು. ಅದ್ರಲ್ಲಿ ಇದ್ದವರು ಕ್ರಿಸ್ಟಿಯಾನ್ ಐಕ್ಮನ್. ಬೇರೆಯವರು ವಾಪಾಸು ಹೋದ ಮೇಲೆ 1888ರಿಂದ ಮಿಲಿಟರಿ ಆಸ್ಪತ್ರೆಯ ಪ್ರಯೋಗಾಲಯವನ್ನು ಅವರೇ ನೋಡಿಕೊಂಡರು.

ಪ್ರಯೋಗಕ್ಕೆ ಅಂತ ಕೋಳಿ ಸಾಕಿದ್ರು. ರೋಗಿಯ ರಕ್ತ ಕೋಳಿಗೆ ಚುಚ್ಚಿ ಕಾಯಿಲೆ ಬತ್ತದಾ ಅಂತ ಕಾಂಬುದು. ಕೆಲವು ಕೋಳಿಗೆ ಬಂತು. ವಾಲುದು, ಬೀಳುದು, ಏಳುಕಾಗದೆ ಮಲಗುದು, ನಮ್ಮ ಜಗ್ಲಿಯಲ್ಲಿ ನಾನ್ ಕಂಡದ್ದೇ. ಆದ್ರೆ ಎಂತದೂ ಚುಚ್ಚದೆ ಬರೀ ಹೋಲಿಕೆಗೆ ಇಟ್ಟ ಕೋಳಿಗಳೂ ಬಿದ್ದವು. ಒಂದರಿಂದ ಒಂದಕ್ಕೆ ಅಂಟಿತು ಅಂತ ಬೇರೆ ಕಡೆ ಗೂಡು ಮಾಡಿ ಇಟ್ಟರು. ಅಲ್ಲಿಯೂ ಬಿದ್ದವು. ಮತ್ತೆ ನವೆಂಬರ್ ಕೊನೆಗೆ ಎಲ್ಲವೂ ಒಟ್ಟಿಗೇ ಗುಣ ಆದವು! ಯಾರು ಮದ್ದು ಕೊಟ್ಟರು? ಯಾರೂ ಇಲ್ಲ.

ಇಲ್ಲಿ ಕಥೆಗೆ ಅಡುಗೆಮನೆ ಬತ್ತು ಕಾಣಿ. ಪ್ರಯೋಗಾಲಯದ ಆಳು ಖರ್ಚು ಉಳಿಸುಕೆ ಅಂತ ಆಸ್ಪತ್ರೆ ಅಡುಗೆಮನೆಯಿಂದ ಉಳಿದ ಅನ್ನ ತಂದು ಕೋಳಿಗೆ ಹಾಕುತ್ತಿದ್ದ. ಮಿಲಿಟರಿಯವರ ಅನ್ನ ಅಂದ್ರೆ ಚೊಕ್ಕ ಪಾಲಿಷ್ ಮಾಡಿದ ಬೆಳಿ ಅಕ್ಕಿದು. ಅಷ್ಟೊತ್ತಿಗೆ ಅಡುಗೆಯವನು ಬದಲಾದ. ಹೊಸಬ ಸ್ವಲ್ಪ ಕಟ್ಟುನಿಟ್ಟು. ಮಿಲಿಟರಿಯವರ ಅನ್ನವನ್ನು ಮಿಲಿಟರಿ ಅಲ್ಲದ ಕೋಳಿಗೆ ಕೊಡುಕಾಗ ಅಂತ ನಿಲ್ಲಿಸಿದ. ಪಾಪ, ಕೋಳಿಗೆ ಮತ್ತೆ ತೌಡು ಇಪ್ಪ ಕೆಂಪು ಅಕ್ಕಿಯೇ ಗತಿ ಆಯ್ತು. ಐಕ್ಮನ್ ಲೆಕ್ಕ ಹಾಕಿ ಕಂಡರು: ಜೂನ್ 17ರಿಂದ ನವೆಂಬರ್ 27ರ ತನಕ ಬೆಳಿ ಅನ್ನ, ಕಾಯಿಲೆ ಸುರುವಾದ್ದು ಜುಲೈ 10ಕ್ಕೆ, ಬಿಟ್ಟದ್ದು ನವೆಂಬರ್ ಕೊನೆಗೆ. ದೊಡ್ಡ ದೊಡ್ಡ ಸೂಕ್ಷ್ಮದರ್ಶಕದಲ್ಲಿ ಸಿಕ್ಕದ್ದು ಅಡುಗೆಯವನ ಜಿಪುಣತನದಲ್ಲಿ ಸಿಕ್ಕಿತು.

ಕೋಳಿಗೆ ಸರಿ, ಮನುಷ್ಯರಿಗೆ? ಜಾವಾದ ಜೈಲುಗಳ ಆರೋಗ್ಯ ಕಾಂಬ ಅಧಿಕಾರಿ ವೋರ್ಡರ್ಮನ್ ಅಂಬವರು ಐಕ್ಮನ್ ಮಾತು ಕೇಳಿ ನೂರಕ್ಕೂ ಮೇಲೆ ಜೈಲುಗಳ ಲೆಕ್ಕ ತೆಗೆದರು. ಸುಮಾರು 3 ಲಕ್ಷ ಕೈದಿಗಳು. ತೌಡು ಉಳಿದ ಅಕ್ಕಿ ತಿಂಬಲ್ಲಿ ಬೆರಿಬೆರಿ 10,000 ಜನರಲ್ಲಿ ಒಬ್ಬರಿಗೆ. ಪಾಲಿಷ್ ಅಕ್ಕಿ ತಿಂಬಲ್ಲಿ 39 ಜನರಲ್ಲಿ ಒಬ್ಬರಿಗೆ. ಇದನ್ನು ಓದುವತಿಗೆ ಮಗ್ಳು ಎರಡು ಸಲ ಓದಿದಳು, ತಪ್ಪು ಓದಿದ್ನಾ ಅಂತ.

ಆದ್ರೂ ಐಕ್ಮನ್ ಪೂರ್ತಿ ಸರಿ ಹೇಳಲಿಲ್ಲ. ಬೆಳಿ ಅಕ್ಕಿಯಲ್ಲಿ ಎಂತದೋ ವಿಷ ಉಂಟು, ತೌಡು ಅದಕ್ಕೆ ಮದ್ದು ಅಂತ ಅವರು ಎಣಿಸಿದ್ದರು. ಅವರು ಊರಿಗೆ ಹೋದ ಮೇಲೆ ಅದೇ ಪ್ರಯೋಗಾಲಯದ ಗೆರಿಟ್ ಗ್ರೈನ್ಸ್ 1901ರಲ್ಲಿ ಹೇಳಿದರು, ವಿಷ ಎಂತದೂ ಇಲ್ಲ, ಬೇಕಾದ್ದೊಂದು ಇಲ್ಲ, ಅಷ್ಟೇ. ಈ ಒಂದು ಮಾತು ಅರಗಿಸಿಕೊಂಬುದು ಆ ಕಾಲದವರಿಗೆ ಕಷ್ಟ ಆಯ್ತು. ಕಾಯಿಲೆ ಅಂದ್ರೆ ಹೊರಗಿಂದ ಬಪ್ಪುದು ಅಂತ ಎಲ್ಲರೂ ನಂಬಿದ ಕಾಲ ಅದು. ಇಲ್ಲದ್ದೂ ಕಾಯಿಲೆ ತತ್ತ್ ಅಂದ್ರೆ ಯಾರು ನಂಬ್ತ್ರ್? ಅತ್ತೆ ಕಣ್ಣ್ ತಾಗಿದ್ದ್ ಅಂದದ್ದು, ನಾನ್ ಹುಳ ಅಂದದ್ದು, ಎರಡೂ ಒಂದೇ ಜಾತಿಯ ಮಾತು. ಹೊರಗೆ ಕಂಡೆವು, ಬಟ್ಟಲಿನೊಳಗೆ ಕಾಣಲಿಲ್ಲ.

ಮುಂದಿನದ್ದು ಓದುವತಿಗೆ ನಂಗೆ ಕಣ್ಣೀರು ಬಂತ್. ಫಿಲಿಪೀನ್ಸಿನ ಮನಿಲಾ ಪಟ್ಟಣದಲ್ಲಿ ಎರಡು ಮೂರು ತಿಂಗಳ ಹಾಲುಮಕ್ಕಳು ಸಾಯುತ್ತಿದ್ದವು. ಕೂಗಿ ಕೂಗಿ ಗಂಟಲು ಕೂತು, ದನಿಯೇ ಇಲ್ಲದೆ ಕೂಗುತ್ತಿದ್ದವು, ಮೈ ನೀಲಿ ಆಗುತ್ತಿತ್ತು, ಒಂದೆರಡು ದಿನದಲ್ಲಿ ಮುಗೀತು. ಆ ಮಕ್ಕಳು ಅಕ್ಕಿ ತಿಂದದ್ದೇ ಇಲ್ಲ. ಅಮ್ಮ ತಿಂದ ಬೆಳಿ ಅನ್ನ, ಅಮ್ಮನ ಹಾಲಿನಲ್ಲಿ ಆ ಸತ್ವ ಇಲ್ಲ. ಅಮ್ಮ ನಡೆದಾಡಿಕೊಂಡು ಇರುತ್ತಾಳೆ, ಮಗು ಹೋತ್ತು. ಆ ತಾಯಂದಿರಿಗೆ ಯಾರ್ಯಾರು ಎಂತೆಂತ ಹೇಳಿರಬಹುದು, ನಮ್ಮ ಊರಿನ ಬಾಯಿ ಗೊತ್ತಿಪ್ಪವರಿಗೆ ಬಿಡಿಸಿ ಹೇಳ್ಕಾ?

ಎಡ್ವರ್ಡ್ ವೆಡರ್ ಅಂಬ ಅಮೆರಿಕದ ಮಿಲಿಟರಿ ಡಾಕ್ಟ್ರು ತೌಡಿನ ಸಾರ ತೆಗೆದು ಕುಡಿಸಿ ಕಾಂಬ ಕೆಲಸದಲ್ಲಿದ್ದರು. ಅಲ್ಲಿಯವರು ಆ ತೌಡಿಗೆ ಟಿಕಿಟಿಕಿ ಅಂತಿದ್ದರು. 1910ರಲ್ಲಿ ಆ ಕಂದು ಸಾರವನ್ನು ರಾಬರ್ಟ್ ವಿಲಿಯಮ್ಸ್ ಅಂಬ ಹರೆಯದ ರಸಾಯನಶಾಸ್ತ್ರಿಯ ಕೈಗೆ ಕೊಟ್ಟು, ಇದರೊಳಗಿನ ಸತ್ವ ಯಾವುದು ಕಂಡುಹಿಡಿ ಅಂತ ಒಪ್ಪಿಸಿದರು. ವಿಲಿಯಮ್ಸ್ ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ಆಂಧ್ರದ ನೆಲ್ಲೂರಿನಲ್ಲಿ, ಪಾದ್ರಿ ಮನೆಯ ಮಗ. ಆ ಸಾರದ ಹನಿ ಬಿಟ್ಟ ಮಗು ಕೆಲವೇ ಗಂಟೆಯಲ್ಲಿ ಚೇತರಿಸಿದ್ದನ್ನು ಅವರು ಕಣ್ಣಾರೆ ಕಂಡವರು. ಅಲ್ಲಿಂದ ಅದೇ ಹಿಂದೆ ಬಿದ್ದರು. 1926ರಲ್ಲಿ ಬಟಾವಿಯಾದಲ್ಲೇ ಯಾನ್ಸನ್, ಡೊನಾತ್ ಅಂಬ ಇಬ್ಬರು ತೌಡಿನಿಂದ ಹರಳು ತೆಗೆದರು. 1936ರಲ್ಲಿ ವಿಲಿಯಮ್ಸ್ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇಪ್ಪತ್ತಾರು ವರ್ಷ! ಅದಕ್ಕೆ ಈಗ ಥಯಾಮಿನ್, ಬಿ1 ಅಂತ ಹೆಸರು. ಐಕ್ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಆಗ ಅವರಿಗೆ ಸೌಖ್ಯ ಇರಲಿಲ್ಲ, ಮರುವರ್ಷ ತೀರಿಹೋದರು.

ಬಾತ್ಕೋಳಿಗೆ ಬೇಕಾದ ಇನ್ನೊಂದು ಸತ್ವದ ಕಥೆಯೂ ಅದೇ ತೌಡಿನಲ್ಲಿ ಇತ್ತು. ಲಂಡನ್ನಿನಲ್ಲಿ ಕ್ಯಾಸಿಮಿರ್ ಫಂಕ್ ಅಂಬವರು ಬಿದ್ದ ಪಾರಿವಾಳಗಳನ್ನು ಇಟ್ಟುಕೊಂಡು ತೌಡಿನ ಸಾರ ಸೋಸುತ್ತಿದ್ದರು. ‘ವಿಟಮಿನ್’ ಅಂಬ ಹೆಸರು 1912ರಲ್ಲಿ ಅವರೇ ಇಟ್ಟದ್ದು. ಅವರ ಕೈಗೆ ತೌಡಿನಿಂದ ನಿಕೋಟಿನಿಕ್ ಆಮ್ಲವೂ ಸಿಕ್ಕಿತ್ತು. ಅದು ಬೆರಿಬೆರಿಗೆ ನಾಟಲಿಲ್ಲ ಅಂತ ಬದಿಗೆ ಬಿತ್ತು. 1937ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ವೆಜಮ್ ಅಂಬವರು ನಾಲಿಗೆ ಕಪ್ಪಾಗಿ ಸಾಯುತ್ತಿದ್ದ ನಾಯಿಗಳಿಗೆ ಅದನ್ನೇ ಕೊಟ್ಟು ಬದುಕಿಸಿದರು. ಅದೇ ಈಗಿನ ನಯಾಸಿನ್. ಬಾತ್ಕೋಳಿ ಮರಿಗೆ ಇದು ಕೋಳಿಮರಿಗಿಂತ ಹೆಚ್ಚು ಬೇಕು. ಒಂದು ಕಿಲೋ ಆಹಾರದಲ್ಲಿ ಕೋಳಿಮರಿಗೆ 30 ಮಿಲಿಗ್ರಾಂ ಆಸುಪಾಸು ಸಾಕಾದ್ರೆ ಬಾತ್ಕೋಳಿಗೆ 55. ಸಿಕ್ಕದಿದ್ರೆ ಕಾಲು ಸೊಟ್ಟ ಆತ್ತು, ಮೊಣಕಾಲಲ್ಲೇ ಕೂತುಬಿಡ್ತು. ನಮ್ಮ ಎರಡನೇ ಮರಿಗೆ ಆದ್ದು ಅದೇ ಅಂದ್ರ್ ಡಾಕ್ಟ್ರು. ಆಕಾಶ ಕಂಡ್ಕಂಡ್ ಸತ್ತ ಮೊದಲನೆಯದಕ್ಕೆ ಬಿ1 ಇಲ್ಲದ್ದು ಇಪ್ಪುಕೂ ಸಾಕ್ ಅಂದ್ರ್.

ಹಾಂಗಾರೆ ನಮ್ಮ ಅಮ್ಮನ ಕಾಲದಲ್ಲಿ ಬಾತ್ಕೋಳಿ ಎಂತಕೆ ಬೀಳಲಿಲ್ಲ? ಅವು ಗದ್ದೆಯಲ್ಲಿ ಬಸವನಹುಳ, ಎರೆಹುಳ, ಸಣ್ಣ ಮೀನು ಹೆಕ್ಕಿ ತಿಂತಿದ್ದೊ. ನಾವ್ ಹಾಕಿದ ಅನ್ನ ಬರೀ ಬಾಯಿ ರುಚಿಗೆ. ನಾನ್ ಮರಿಗಳನ್ನ ಕಾಪಾಡ್ತೆ ಅಂದೇಳಿ ಜಗ್ಲಿಯಲ್ಲಿ ಕೂಡಿಹಾಕಿ, ಬರೀ ಬೆಳೀ ಅನ್ನ ತಿನ್ಸಿ ಬೀಳ್ಸಿದೆ.

ಇದೇ ಪ್ರಶ್ನೆ ನಮ್ಮ ಕರಾವಳಿಗೂ ಕೇಣ್ಲಕ್ಕು. ಮೂರು ಹೊತ್ತು ಅನ್ನ, ಗಂಜಿ ಉಂಬ ಊರು ನಮ್ಮದು, ಬೆರಿಬೆರಿ ಹೆಸರೇ ಕೇಂಡದ್ದಿಲ್ಲ. ಕಾರಣ ನಮ್ಮ ಕೊಚ್ಚಕ್ಕಿ. ಇದನ್ನೂ ಲೋಕ ಒಂದು ವಿಚಿತ್ರ ಕಡೆ ಕಲಿತದ್ದು. ಮಲಯಾದ ಕೌಲಾಲಂಪುರದ ಹುಚ್ಚಾಸ್ಪತ್ರೆಯಲ್ಲಿ 1905ರಲ್ಲಿ ಫ್ಲೆಚರ್ ಅಂಬ ಡಾಕ್ಟ್ರು ರೋಗಿಗಳನ್ನು ಸಾಲು ನಿಲ್ಲಿಸಿ ಎಣಿಸಿದರು. ಬೆಸ ಸಂಖ್ಯೆಯವರು ಅಂಗಳದ ಒಂದು ಬದಿಗೆ, ಸಮ ಸಂಖ್ಯೆಯವರು ಇನ್ನೊಂದು ಬದಿಗೆ. ಒಂದು ಪಂಕ್ತಿಗೆ ಸಯಾಮಿನ ಬೆಳಿ ಅಕ್ಕಿ, ಇನ್ನೊಂದಕ್ಕೆ ಭತ್ತ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ, ಅಂದ್ರೆ ನಮ್ಮ ಕುಚ್ಚಲಕ್ಕಿ. ವರ್ಷ ಕಳೆಯುವತಿಗೆ ಬೆಳಿ ಅಕ್ಕಿಯ ಪಂಕ್ತಿಯಲ್ಲಿ 18 ಜನ ಬೆರಿಬೆರಿಯಿಂದ ಸತ್ತಿದ್ದರು. ಕುಚ್ಚಲಕ್ಕಿ ಪಂಕ್ತಿಯಲ್ಲಿ ಕಾಯಿಲೆ ಇದ್ದವರು ಇಬ್ಬರೇ, ಅವರೂ ಬಪ್ಪುವಾಗಲೇ ತಂದುಕೊಂಡವರು. ಸತ್ತವರು ಯಾರೂ ಇಲ್ಲ.

ನಮ್ಮ ದೇಶದಲ್ಲಿ ಇದನ್ನು ಹುಡುಕಿದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿ ಮೆಕ್ಯಾರಿಸನ್ ಅಂಬವರು 1918ರಲ್ಲಿ ಬೆರಿಬೆರಿ ತನಿಖೆ ಅಂತಲೇ ಒಂದು ಕೋಣೆಯಲ್ಲಿ ಕೆಲಸ ಸುರು ಮಾಡಿದರು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಈಗಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ ಆಯ್ತು. ಅವರ ನಂತರ ಬಂದ ಐಕ್ರಾಯ್ಡ್ ಮತ್ತೆ ಅವರ ಜೊತೆಯವರು ಕಾರಣ ಬಿಡಿಸಿದರು. ಭತ್ತ ನೆನೆಸಿ ಬೇಯಿಸುವಾಗ ತೌಡಿನಲ್ಲಿ, ಮೊಳಕೆಯ ಮೂಗಿನಲ್ಲಿ ಇಪ್ಪ ಬಿ1 ನೀರಿನಲ್ಲಿ ಕರಗಿ ಕಾಳಿನ ಒಳಗೆ ಇಳಿತ್ತು. ಮತ್ತೆ ಮಿಲ್ಲಿನಲ್ಲಿ ತೌಡು ಹೋದ್ರೂ ಒಳಗಿನದ್ದು ಉಳಿತ್ತು, ತೊಳೆದ್ರೂ ಅಷ್ಟು ಹೋಪುದಿಲ್ಲ. ನಮ್ಮ ದೇಶದಲ್ಲಿ ಬೆರಿಬೆರಿ ಹೆಚ್ಚು ಕಂಡದ್ದು ಆಂಧ್ರದ ಉತ್ತರ ಕರಾವಳಿಯಲ್ಲಿ. ಅಲ್ಲಿಯವರೂ ನಮ್ಮಂತೆ ಅನ್ನ ಉಂಬವರು, ಸಮುದ್ರದ ಬದಿಯವರು. ಅವರದ್ದು ಮಿಲ್ಲಿನ ಬೆಳಿ ಅಕ್ಕಿ, ನಮ್ಮದು ಬೇಯಿಸಿದ ಅಕ್ಕಿ, ಅಷ್ಟೇ ವ್ಯತ್ಯಾಸ.

ಇದನ್ನ ಅತ್ತೆಗೆ ಓದಿ ಹೇಳ್ದೆ. ಅವ್ರ್ ಸುಮಾರ್ ಹೊತ್ತ್ ಸುಮ್ನೆ ಕೂತ್ರ್. ಮತ್ತೆ ಅವರ ಅಪ್ಪನ ಮನಿ ಹಂಡಿ ಕಥಿ ಹೇಳ್ರ್. ರಾತ್ರಿ ಭತ್ತ ಬೇಯಿಸುದ್, ಅಂಗಳದಲ್ಲಿ ಒಣಗ್ಸುದ್, ಬೆಳಗಿನ ಜಾವ ಹೆಂಗ್ಸ್ರೆಲ್ಲ ಒನಕಿ ಹಿಡ್ದ್ ಕುಟ್ಟುದ್. ಬೆಳ್ತಿಗೆ ಅಂದ್ರೆ ನೆಂಟ್ರ್ ಬಂದ್ರೆ, ಹಬ್ಬಕ್ಕೆ, ದೇವರ ನೈವೇದ್ಯಕ್ಕೆ. "ಬೆಳ್ತಿಗೆ ಉಂಬುದ್ ದೊಡ್ಡಸ್ತಿಕೆ ಅಂದೇಳಿ ಎಣ್ಸಿದ್ದ್ ನಾವ್. ತೌಡ್ ಎಲ್ಲ ದನಿಗೆ. ದನ ಗಟ್ಟಿ ಇದ್ದಿದ್ದೊ ಕಾಣ್" ಅಂದ್ರ್.

ಅದ್ ಹೇಳುವತಿಗೆ ನಂಗೆ ಪಕ್ಕ ಹೊಳ್ದದ್ದ್, ಅತ್ತೆ ಈಗ ಎಂತ ಉಂತ್ರ್? ಹಲ್ಲ್ ಹೋದಮೇಲೆ ಎರಡ್ ವರ್ಷದಿಂದ ಬೆಳ್ತಿಗೆ ಅಕ್ಕಿಯ ಮೆತ್ತನ ಗಂಜಿ, ಉಪ್ಪಿನಕಾಯಿ ರಸ. ಬೇರೆ ಎಂತ ಕೊಟ್ರೂ ಬೇಡ. ಪಾದ ಜುಮ್ ಅಂತ್ತ್, ನಡೂಕೆ ಹೆದ್ರಿಕೆ ಆತ್ತ್ ಅಂತಿದ್ರ್. ಪ್ರಾಯ ಆಯ್ತಲ್ದಾ ಅಂದೇಳಿ ನಾವ್ಯಾರೂ ಕಿವಿ ಕೊಡ್ಲಿಲ್ಲ. ಮರಿ ಬಿದ್ದ ದಿನವೇ ಬುಟ್ಟಿ ಹಿಡ್ಕಂಡ್ ಓಡಿದವ್ಳ್ ನಾನ್. ಎರಡ್ ವರ್ಷ ವಾಲ್ಕಂಡ್ ನಡ್ದ ಅತ್ತೆಗೆ "ನಿಮ್ಗೆ ತಿಂಬುಕೆ ಎಂತ ಕೊಡ್ತಿತ್ತ್ ನಾವ್" ಅಂದೇಳಿ ನನ್ನನ್ನ ನಾನೇ ಕೇಣ್ಲಿಲ್ಲ. ಆ ರಾತ್ರಿ ಅದೇ ಚಿಂತಿ.

ಮಾರನೇ ವಾರ ಡಾಕ್ಟ್ರಿಗೆ ತೋರ್ಸಿದೆ. ರಕ್ತ ಪರೀಕ್ಷೆ ಮಾಡ್ಸಿ, ಸಕ್ಕರೆ ಕಾಯಿಲೆ ಅಲ್ಲ ಅಂದೇಳಿ ಖಾತ್ರಿ ಮಾಡಿ, ಬಿ ವಿಟಮಿನ್ ಬರ್ದ್ ಕೊಟ್ರ್. ಈಗ ಗಂಜಿ ಕೊಚ್ಚಕ್ಕಿ ನುಚ್ಚಿಂದು, ಮೆತ್ತಗೆ ಬೇಯ್ಸಿ. ಒಟ್ಟಿಗೆ ಹೆಸ್ರುಬೇಳೆ, ಒಂದ್ ಮೊಟ್ಟೆ. ಪೂರ್ತಿ ಸಮ ಆಯ್ತ್ ಅಂದ್ ಹೇಳುದಿಲ್ಲೆ. ಜುಮ್ ಅಂಬುದ್ ಕಡ್ಮಿ ಆಯ್ತ್ ಅಂತ್ರ್, ಬಚ್ಚಲಿಗೆ ಗೋಡೆ ಹಿಡೀದೆ ಹೋತ್ರ್.

ಇನ್ನ್ ಮರಿ ಸಂಗ್ತಿ. ಯಾರ ಮನಿಯಲ್ಲಾದ್ರೂ ಬಾತ್ಕೋಳಿ ಮರಿ ವಾಲಿ ಬಿದ್ರೆ ಉಪಯೋಗಕ್ಕೆ ಬಕ್ಕು ಅಂದೇಳಿ ಬರಿತೆ. ಮೊದ್ಲ್ ಡಾಕ್ಟ್ರಿಗೆ ತೋರ್ಸಿ. ಏಟು, ಕಿವಿ ಸೋಂಕು, ಬೂಸ್ಟ್ ಹಿಡ್ದ ಆಹಾರ, ಎಲ್ಲದ್ರಿಂದ್ಲೂ ಹೀಂಗ್ ಆಪುಕೆ ಸಾಕ್. ಕುತ್ಗಿ ಒದ್ದಿ ಬಟ್ಟಿ ಹಾಂಗೆ ಜೋತ್ ಬಿದ್ರೆ ಕೊಳ್ತದ್ದ್ ತಿಂದ ವಿಷ ಇಪ್ಪುಕೂ ಸಾಕ್, ತಡ ಮಾಡುಕಾಗ. ನಮ್ಮ ಮರಿಗೆ ಬಿ ಕಾಂಪ್ಲೆಕ್ಸ್ ಹನಿ, ನೀರಿಗೆ ನಯಾಸಿನ್, ತಿಂಬುದಕ್ಕೆ ಬ್ರೂವರ್ಸ್ ಈಸ್ಟ್ ಪುಡಿ ಕೊಟ್ರ್. ಅಳತೆ ಅವ್ರೇ ತೂಕ ಕಂಡ್ ಹೇಳ್ತ್ರ್. ಅನ್ನ ನಿಲ್ಸಿ ಮರಿಗೆ ಮಾಡಿದ ಆಹಾರ, ಬೇಯ್ಸಿ ನುರ್ದ ಹಸಿ ಬಟಾಣಿ ಕೊಡುಕೆ ಹೇಳ್ರ್. ತೌಡ್ ಒಂದನ್ನೇ ಹಾಕಿರೆ ಸಾಕಾ ಕೇಂಡೆ. ಅದ್ರಲ್ಲಿಪ್ಪ ನಯಾಸಿನ್ ಗಟ್ಟಿ ಅಂಟ್ಕಂಡಿರ್ತ್ತ್, ಮರಿ ಹೊಟ್ಟಿಗೆ ಸಮ ಸಿಕ್ಕುದಿಲ್ಲ ಅಂದ್ರ್.

ಆರೈಕೆ ನಾನೇ ಕಲ್ತದ್ದ್. ಟೈಲ್ಸ್ ಮೇಲೆ, ಪೇಪರ್ ಮೇಲೆ ಬಿಡ್ಬೇಡಿ, ಕಾಲ್ ಜಾರಿ ಇನ್ನೂ ಸೊಟ್ಟ ಆತ್ತ್. ಗೋಣಿ ಹಾಸಿ. ಹಳೀ ತೋರ್ತ್ ಸುರ್ಳಿ ಸುತ್ತಿ ಬಳಿ ಹಾಂಗೆ ಮಾಡಿ, ನಡುವಿಗೆ ಮರಿ ಕೂರ್ಸಿ, ಬದಿಗೆ ಬೀಳುದಿಲ್ಲ. ಬಲ್ಬ್ ಒಂದ್ ಮೂಲೆಗೆ ಮಾತ್ರ ಹಾಕಿ, ಶೆಕಿ ಆದ್ರೆ ಆಚಿಗೆ ಸರೂಕೆ ಜಾಗ ಬೇಕಲ್ದಾ. ನೀರಿನ ಬಟ್ಲ್ ಮೂಗ್ ಮುಳ್ಗುವಷ್ಟ್ ಆಳ ಇರ್ಲಿ, ಆದ್ರೆ ತಲಿ ಬಿದ್ರೆ ಏಳುಕಾಪ ಹಾಂಗೆ ಒಳ್ಗೆ ನಾಲ್ಕ್ ಕಲ್ಲ್ ಹಾಕಿ. ದಿನಕ್ಕೆರಡ್ ಸಲ ಉಗುರ್ ಬೆಚ್ಚಗಿನ ನೀರಲ್ಲಿ ಹೊಟ್ಟಿ ಅಡಿಗೆ ಕೈ ಕೊಟ್ಟ್ ತೇಲ್ಸಿ, ಕಾಲ್ ತಾನೇ ಆಡ್ಸ್ತ್ತ್. ಕೈ ಬಿಡುಕಾಗ, ಮತ್ತೆ ಸಮ ಒರ್ಸಿ ಒಣಗ್ಸ್ಕ್. ಒಂದೇ ಮರಿಯನ್ನ ದೂರ ಇಡ್ಬೇಡಿ. ಬಲೆ ಅಡ್ಡ ಕಟ್ಟಿ ಉಳ್ದವು ಕಾಂಬ ಹಾಂಗೆ ಇಟ್ರೆ ತಿಂತ್ತ್, ಇಲ್ಲದಿದ್ರೆ ಕೂಗಿ ಕೂಗಿ ಸೋತ್ ಹೋತ್ತ್.

ಮೂರ್ನೇ ದಿನಕ್ಕೆ ಮರಿ ತಲಿ ಎತ್ತಿತ್. ಹತ್ತನೇ ದಿನ ನಿಂತಿತ್. ಇಪ್ಪತ್ತನೇ ದಿನ ಮೊಮ್ಮಗ್ಳಿಗೆ ವಿಡಿಯೋ ಕಾಲ್ ಮಾಡಿ ತೋರ್ಸಿದೆ, ನಾಲ್ಕ್ ಮರಿ ಹಿಂದಿಂದ ಐದನೇದ್ದ್ ಕುಂಟಿ ಕುಂಟಿ ಓಡುದನ್ನ. ಎಡಗಾಲ್ ಸ್ವಲ್ಪ ಸೊಟ್ಟ ಉಳ್ದಿತ್ತ್, ಅದ್ ಹಾಂಗೇ ಇಕ್ಕು. ಈಗ ಮಳಿ ಬಂದ್ ಗದ್ದೆಯಲ್ಲಿ ನೀರ್ ನಿಂತಿತ್ತ್. ಐದನ್ನೂ ಬೆಳಿಗ್ಗೆ ಬಿಡುದ್, ಸಂಜಿಗೆ ಕೂಡುದ್. ಅತ್ತೆ ಜಗ್ಲಿ ಕಂಬಕ್ಕೆ ಒರ್ಗಿ ಕೂತ್ ಲೆಕ್ಕ ಹಾಕ್ತ್ರ್.

ನಿಮ್ಮನಿಯಲ್ಲಿ ಪ್ರಾಯದವ್ರ್, ಬಾಣಂತಿ ಯಾರಾದ್ರೂ ಬರೀ ಬೆಳೀ ಗಂಜಿ ಮೇಲೆ ಇದ್ರಾ? ಇವತ್ತ್ ಊಟಕ್ಕೆ ಕೂರುವತಿಗೆ ಅವರ ಬಟ್ಲ್ ಒಮ್ಮೆ ಕಾಣಿ. ಮಕ್ಳಿಗೆ ಬೆಳ್ತಿಗೆ ಬೇಕಾದ್ರೆ ಮಾಡಿ, ಬೇಡ ಅಂಬುದಿಲ್ಲೆ, ನಾನೂ ಮಾಡ್ತೆ. ಒಟ್ಟಿಗೆ ಬೇಳೆ, ಸೊಪ್ಪು, ಮೀನ್ ಇರ್ಲಿ. ಯಾರಾದ್ರೂ ಕಾಲ್ ಜುಮ್ ಅಂತ್ತ್ ಅಂದ್ರೆ ಪ್ರಾಯ ಅಂದೇಳಿ ಬಿಡ್ಬೇಡಿ.

ನಿಮ್ಮ ಹಿರಿಯರ ಮನಿಯಲ್ಲಿ ಭತ್ತ ಬೇಯ್ಸು ಹಂಡಿ ಕಥಿ ಇದ್ರೆ ನಂಗೆ ಹೇಳಿ. ಅತ್ತೆ ಕೇಂಬುಕೆ ಕಾಯ್ತಾ ಇದ್ರ್.